ಕಾಲು ಹೇಳುವ ವೇಗ ಒಂದು, ಚಕ್ರ ಓಡುವ ವೇಗ ಇನ್ನೊಂದು

ಪ್ರಶ್ನೆ: ನನ್ನ ಅಪ್ಪನಿಗೆ 67 ವರ್ಷ. ಚಿಕ್ಕಂದಿನಿಂದ ಸೈಕಲ್ ತುಳಿದವರು, ಮಂಡಿನೋವು ಶುರುವಾದ ಮೇಲೆ ಬಿಟ್ಟಿದ್ದರು. ಆರು ತಿಂಗಳ ಹಿಂದೆ ಅವರಿಗೊಂದು ಇ-ಸೈಕಲ್, ಅಂದರೆ ಪೆಡಲ್ ತುಳಿದಾಗ ಮೋಟಾರೂ ನೆರವಾಗುವ ಸೈಕಲ್, ಕೊಡಿಸಿದೆವು. ಮತ್ತೆ ಹುರುಪು ಬಂತು, ದಿನಾ ಹೋಗುತ್ತಾರೆ. ಆದರೆ ಇಷ್ಟರಲ್ಲೇ ಎರಡು ಸಲ ಬಿದ್ದಿದ್ದಾರೆ. ಮೊದಲನೆಯದು ಗೇಟಿನ ಮುಂದೆಯೇ, ಹತ್ತುವಾಗ. “ಸೈಕಲ್ಲು ತಾನೇ ಮುಂದಕ್ಕೆ ನೆಗೆಯಿತು” ಎನ್ನುತ್ತಾರೆ. ಎರಡನೆಯ ಸಲ ಅಡ್ಡರಸ್ತೆಯಿಂದ ಕಾರೊಂದು ಎದುರಿಗೆ ಬಂದುಬಿಟ್ಟಿತು. ಅಪ್ಪ ಬ್ರೇಕ್ ಹಿಡಿದರು, ಹಿಂದಿನ ಚಕ್ರ ಜಾರಿತು, ಮೊಣಕೈ ತರಚಿತು. ಕಾರಿನವರು ಇಳಿದು ಬಂದು, “ನೀವು ಅಷ್ಟು ಬೇಗ ಬರ್ತೀರಿ ಅಂತ ಅನ್ನಿಸಲೇ ಇಲ್ಲ” ಅಂದರಂತೆ. ಅಪ್ಪ ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಅದು ಬೇರೆ ಭಯ. ಇತ್ತ 16 ವರ್ಷದ ಮಗ ಸಂಜೆ ಹೊತ್ತು ತಾತನ ಸೈಕಲ್ ಒಯ್ಯುತ್ತಾನೆ. 25 ಕಿ.ಮೀ. ದಾಟಿದರೆ ಮೋಟಾರು ಕೈಬಿಡುತ್ತದೆ, ಆ ಲಾಕ್ ತೆಗೆಸೋಣ, ಬೇರೆ ಗಾಡಿಗಳ ವೇಗದಲ್ಲೇ ಹೋದರೆ ಅದೇ ಸೇಫ್ ಅನ್ನುತ್ತಾನೆ. ನನ್ನ ಗಂಡ, ಯಾಕೆ ರಗಳೆ, ಮಾರಿಬಿಡೋಣ ಅನ್ನುತ್ತಾರೆ. ನೀವೇನು ಹೇಳುತ್ತೀರಿ ಸರ್?

ಉತ್ತರ: ಮಾರುವ ಮಾತು ಕೊನೆಗೆ ಇಟ್ಟುಕೊಳ್ಳೋಣ. ಮೊದಲು ನಿಮ್ಮ ಪತ್ರದಲ್ಲೇ ಇರುವ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. “ಸೈಕಲ್ಲು ತಾನೇ ಮುಂದಕ್ಕೆ ನೆಗೆಯಿತು.” “ಅಷ್ಟು ಬೇಗ ಬರ್ತೀರಿ ಅಂತ ಅನ್ನಿಸಲೇ ಇಲ್ಲ.” ಒಂದು ಸವಾರರ ಮಾತು, ಇನ್ನೊಂದು ಕಾರಿನವರ ಮಾತು. ಇಬ್ಬರೂ ಮೋಸ ಹೋಗಿದ್ದು ಒಂದೇ ವಿಷಯದಲ್ಲಿ.

ಹಲವು ವರ್ಷಗಳಿಂದ ದೊಡ್ಡವರಿಗೆ ಸೈಕಲ್ ಸವಾರಿ ಹೇಳಿಕೊಡುತ್ತಿದ್ದೇನೆ. ಹೊಸದಾಗಿ ಕಲಿಯುವವರಿಗಿಂತ, ಐವತ್ತು ವರ್ಷ ಸೈಕಲ್ ಹೊಡೆದು ಇ-ಸೈಕಲ್‌ಗೆ ಬಂದವರಿಗೆ ಕಲಿಸುವುದು ಕಷ್ಟ. ಅವರಿಗೆ ಬರುವುದಿಲ್ಲ ಅಂತಲ್ಲ, ಬರುತ್ತದೆ ಅನ್ನುವುದೇ ತೊಡಕು. ಸಾದಾ ಸೈಕಲ್‌ನಲ್ಲಿ ನಮ್ಮ ವೇಗ ಎಷ್ಟೆಂದು ಹೇಳುವುದು ಕಾಲು. ತೊಡೆ ಉರಿಯುತ್ತಿದ್ದರೆ, ಉಸಿರು ಏರಿದ್ದರೆ ಜೋರಾಗಿ ಹೋಗುತ್ತಿದ್ದೇವೆ ಎಂದರ್ಥ. ಆರಾಮಾಗಿದ್ದರೆ ನಿಧಾನ. ಹತ್ತನೇ ವಯಸ್ಸಿನಿಂದ ಮೈಗೆ ಹತ್ತಿದ ಲೆಕ್ಕ ಇದು. ಮೋಟಾರು ಬಂದ ದಿನ ಈ ಲೆಕ್ಕ ತಪ್ಪುತ್ತದೆ. ಕಾಲು “12 ಕಿ.ಮೀ. ಇರಬಹುದು” ಎನ್ನುತ್ತಿರುತ್ತದೆ, ಚಕ್ರ 23ರಲ್ಲಿ ಓಡುತ್ತಿರುತ್ತದೆ. ಎಲ್ಲಿ ಬ್ರೇಕ್ ಹಿಡಿಯಬೇಕು, ತಿರುವಿಗೆ ಎಷ್ಟು ಮುಂಚೆ ನಿಧಾನಿಸಬೇಕು ಎಂಬುದೆಲ್ಲ ಕಾಲಿನ ಆ ಹಳೆಯ ಲೆಕ್ಕದ ಮೇಲೆಯೇ ನಿಂತಿರುತ್ತದೆ.

ನೋಡುವವರದೂ ಅದೇ ಕಥೆ. ದೂರದಿಂದ ಬರುವ ಸೈಕಲ್‌ನ ವೇಗವನ್ನು ಕಾರಿನವರು ಮೀಟರ್ ಹಿಡಿದು ಅಳೆಯುವುದಿಲ್ಲ. ಬಗ್ಗಿ ದಬದಬ ತುಳಿಯುತ್ತಿದ್ದರೆ ಬೇಗ ಬರುತ್ತಾನೆ ಎಂದುಕೊಳ್ಳುತ್ತಾರೆ, ನೆಟ್ಟಗೆ ಕೂತ ಹಿರಿಯರೊಬ್ಬರು ನಿಧಾನವಾಗಿ ಪೆಡಲ್ ತಿರುಗಿಸುತ್ತಿದ್ದರೆ ಇನ್ನೂ ಹೊತ್ತಿದೆ ಎಂದುಕೊಳ್ಳುತ್ತಾರೆ. ಜರ್ಮನಿಯ ಸಂಶೋಧಕರು ಇದನ್ನೇ ಪರೀಕ್ಷಿಸಿ ನೋಡಿದ್ದರು. ಒಂದೇ ವೇಗದಲ್ಲಿ ಬರುವ ಸಾದಾ ಸೈಕಲ್ ಮತ್ತು ಇ-ಸೈಕಲ್ ಎದುರು ಕಾರು ತಿರುಗಿಸಲು ಎಷ್ಟು ಅಂತರ ಸಾಕು ಎಂದು ಚಾಲಕರನ್ನು ಕೇಳಿದರು. ಇ-ಸೈಕಲ್ ಮುಂದೆ ಜನ ಇನ್ನೂ ಕಡಿಮೆ ಅಂತರಕ್ಕೇ ನುಗ್ಗಲು ಸಿದ್ಧರಿದ್ದರು. ಸವಾರನ ಕಾಲು ನಿಧಾನವಾಗಿ ತಿರುಗುವುದೇ ಇದಕ್ಕೆ ಕಾರಣ ಇರಬಹುದು ಎಂಬುದು ಅವರ ತರ್ಕ. ನಿಮ್ಮ ತಂದೆಯವರಿಗೆ ಅಡ್ಡ ಬಂದ ಕಾರಿನವರು ಸುಳ್ಳು ಹೇಳಿರಲಿಕ್ಕಿಲ್ಲ. ತಪ್ಪು ಅವರದೇ ಇರಬಹುದು, ಆದರೆ ಕಂಡಿದ್ದನ್ನೇ ಹೇಳಿದ್ದಾರೆ.

ಈಗ ಮೊದಲ ಬಿದ್ದಾಟಕ್ಕೆ ಬರುತ್ತೇನೆ, ಅದರಲ್ಲಿ ಹೇಳುವುದು ಬಹಳ ಇದೆ.

ಹತ್ತುವಾಗ ನೆಗೆಯುವುದು ಯಾಕೆ

ಇ-ಸೈಕಲ್‌ಗೆ ನೀವು ತುಳಿಯುತ್ತಿದ್ದೀರಿ ಎಂದು ಗೊತ್ತಾಗುವುದು ಎರಡು ಬಗೆಯಲ್ಲಿ. ಒಂದು ಬಗೆಯ ಸೆನ್ಸರ್ ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ನೋಡುತ್ತದೆ. ನೀವು ಮೆಲ್ಲಗೆ ತುಳಿದರೂ, ಬಲ ಹಾಕಿ ತುಳಿದರೂ ಅದಕ್ಕೆ ಒಂದೇ. ಪೆಡಲ್ ಸ್ವಲ್ಪ ತಿರುಗಿತೋ, ನೀವು ಇಟ್ಟುಕೊಂಡಿರುವ ಲೆವೆಲ್‌ನ (ಮೋಟಾರಿನ ನೆರವು ಎಷ್ಟಿರಬೇಕೆಂಬ ಹಂತ) ಪೂರ್ತಿ ಬಲ ಬರುತ್ತದೆ. ಕಾಲು ನಿಲ್ಲಿಸಿದರೂ ಒಂದು ಗಳಿಗೆ ತಡವಾಗಿ ಬಿಡುತ್ತದೆ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಇದೇ ಹೆಚ್ಚು. ಇನ್ನೊಂದು ಬಗೆಯದು ಪೆಡಲ್ ಮೇಲೆ ಎಷ್ಟು ಒತ್ತಡ ಬಿತ್ತು ಎಂದು ಅಳೆಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ. ಓಡಿಸಲು ಇದೇ ಸೊಗಸು. ಆದರೆ ನಿಂತಲ್ಲೇ ಪೆಡಲ್ ಮೇಲೆ ಮೈಭಾರ ಬಿಟ್ಟರೆ ಇದೂ ನೆಗೆಯುತ್ತದೆ.

ಹಳೆಯ ಸವಾರರು ಹತ್ತುವ ರೀತಿ ನೆನಪಿಸಿಕೊಳ್ಳಿ. ಎಡಗಾಲು ಪೆಡಲ್ ಮೇಲೆ, ಬಲಗಾಲಿನಿಂದ ನೆಲ ಒದ್ದು ಎರಡು ಹೆಜ್ಜೆ, ಆಮೇಲೆ ಬಲಗಾಲು ಸೀಟಿನ ಹಿಂದಿನಿಂದ ಬೀಸಿ ಆಚೆಗೆ. ನೋಡಲು ಚಂದ, ಸಾದಾ ಸೈಕಲ್‌ನಲ್ಲಿ ಸರಿಯೇ. ಇ-ಸೈಕಲ್‌ನಲ್ಲಿ ಒಂದು ಕಾಲು ಗಾಳಿಯಲ್ಲಿರುವಾಗ, ಇನ್ನೊಂದರ ಭಾರ ಪೆಡಲ್ ಮೇಲೆ ಬಿದ್ದ ಕ್ಷಣವೇ ಮೋಟಾರು ತಳ್ಳುತ್ತದೆ. ಸೈಕಲ್ 20–25 ಕಿಲೋ ತೂಗುತ್ತದೆ, ವಾಲಿದರೆ ಒಂದು ಕಾಲಿನಲ್ಲಿ ತಡೆದು ನಿಲ್ಲಿಸಲಾಗದು. ವಯಸ್ಸಾದವರು ಇ-ಸೈಕಲ್‌ನಿಂದ ಬೀಳುವುದರಲ್ಲಿ ಬಹಳಷ್ಟು ಹೀಗೆ ಹತ್ತುವಾಗ ಇಳಿಯುವಾಗಲೇ ಆಗುತ್ತದೆ, ಬೇರೆ ಯಾವ ವಾಹನದ ಸಂಬಂಧವೂ ಇಲ್ಲದೆ. ಸೈಕಲ್ ಸವಾರಿಯಲ್ಲಿ ಹೆಸರಾದ ನೆದರ್ಲೆಂಡ್ಸ್‌ನಲ್ಲೂ ಹಿರಿಯರ ವಿಷಯದಲ್ಲಿ ಇದೇ ದೊಡ್ಡ ತಲೆನೋವು.

ಬಿಡಿಸಿಕೊಳ್ಳುವುದು ಕಷ್ಟವಲ್ಲ. ಸೀಟು ಇಳಿಸಿ. ಕೂತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ಊರಬೇಕು, ತುಳಿಯಲು ಅದು ಅಷ್ಟು ಹಿತವಲ್ಲದಿದ್ದರೂ ಸದ್ಯಕ್ಕೆ ಇರಲಿ. ಮೋಟಾರು ಆಫ್ ಇರುವಾಗಲೇ ಸೈಕಲ್ ಸ್ವಲ್ಪ ವಾಲಿಸಿ ಕಾಲು ದಾಟಿಸಿ, ನೆಟ್ಟಗೆ ನಿಂತು, ಎರಡೂ ಬ್ರೇಕ್ ಹಿಡಿದು, ಆಮೇಲೆ ಅತಿ ಕೆಳಗಿನ ಲೆವೆಲ್ ಹಾಕಬೇಕು. ಪೆಡಲ್ ಮೇಲೆ ಕಾಲಿಟ್ಟ ಮೇಲೆಯೇ ಬ್ರೇಕ್ ಬಿಡುವುದು. ಅನೇಕ ಇ-ಸೈಕಲ್‌ಗಳಲ್ಲಿ ಬ್ರೇಕ್ ಲಿವರ್ ಒತ್ತಿದರೆ ಮೋಟಾರಿಗೆ ಕರೆಂಟ್ ನಿಲ್ಲುವ ಒಂದು ಸ್ವಿಚ್ ಇರುತ್ತದೆ. ನಿಮ್ಮದರಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಸುಲಭ: ಸ್ಟ್ಯಾಂಡ್ ಹಾಕಿ ಮೋಟಾರು ಇರುವ ಚಕ್ರ ನೆಲಕ್ಕೆ ತಾಗದಂತೆ ಎತ್ತಿ, ಪೆಡಲ್ ಕೈಯಿಂದ ತಿರುಗಿಸಿ ಮೋಟಾರು ಓಡಿಸಿ, ಬೇರೆ ಚಕ್ರದ ಬ್ರೇಕ್ ಲಿವರ್ ಅರ್ಧ ಹಿಡಿಯಿರಿ. ಮೋಟಾರಿನ ಸದ್ದು ತಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ರಿಪೇರಿಗೆ ಕೊಡುವ ತನಕ ಅದನ್ನು ರಸ್ತೆಗೆ ಇಳಿಸಬೇಡಿ. ಈ ಪರೀಕ್ಷೆ ಮಾಡುವಾಗ ಬೆರಳು, ಸೆರಗು, ದುಪಟ್ಟಾ ಚೈನಿನಿಂದ ದೂರ.

ಗೇರ್ ಇದ್ದರೆ ಇನ್ನೊಂದು ಅಭ್ಯಾಸ ಬೇಕು. ನಿಲ್ಲುವ ಮೊದಲೇ ಹಗುರ ಗೇರ್‌ಗೆ ಬರಬೇಕು. ಚೈನು ಹಲ್ಲಿನಿಂದ ಹಲ್ಲಿಗೆ ಜಿಗಿಯುವ ಗೇರುಗಳು ನಿಂತ ಮೇಲೆ ಬದಲಾಗುವುದಿಲ್ಲ. ಭಾರದ ಗೇರ್‌ನಲ್ಲಿ ನಿಂತವರು ಮತ್ತೆ ಹೊರಡುವಾಗ ಪೆಡಲ್ ಮೇಲೆ ಎದ್ದು ಒತ್ತುತ್ತಾರೆ, ಆ ಒತ್ತಿಗೆ ಮೋಟಾರೂ ಕೈಜೋಡಿಸುತ್ತದೆ, ಹ್ಯಾಂಡಲ್ ಅತ್ತಿತ್ತ ಹೊಯ್ದಾಡುತ್ತದೆ.

“ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ”

ನಿಮ್ಮ ತಂದೆಯವರ ಹಿಂದಿನ ಚಕ್ರ ಜಾರಿತು ಎಂದಿರಿ. ಅಂದರೆ ಹಿಂದಿನ ಬ್ರೇಕನ್ನೇ ಬಲವಾಗಿ ಹಿಡಿದಿದ್ದಾರೆ, ಬಹುಶಃ ಅದೊಂದನ್ನೇ. ಮುಂದಿನ ಬ್ರೇಕ್ ಮುಟ್ಟಬೇಡ, ತಲೆಕೆಳಗಾಗಿ ಬೀಳ್ತೀಯ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದೆವು. ಇದರಲ್ಲಿ ಕಾಲುಭಾಗ ನಿಜವಿದೆ. ತಟ್ಟನೆ ಪೂರ್ತಿ ಎಳೆದರೆ, ಅದೂ ಕೈ ಸಡಿಲ ಬಿಟ್ಟು ಮುಂದಕ್ಕೆ ಬಾಗಿದ್ದರೆ, ಪಲ್ಟಿ ಆಗುವುದುಂಟು. ಉಳಿದ ಮುಕ್ಕಾಲು ಭಾಗ ನಮ್ಮನ್ನು ಕೆಡಿಸಿದೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಹಿಂದಿನದು ಹಗುರಾಗಿ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಹಗುರಾದ ಚಕ್ರವನ್ನೇ ಕಚ್ಚಿ ಹಿಡಿದರೆ ಅದು ನಿಲ್ಲಿಸುವುದಿಲ್ಲ, ಜಾರುತ್ತದೆ.

ಲೆಕ್ಕ ಹಾಕಿ ನೋಡೋಣ. ಒಣ ಡಾಂಬರು ರಸ್ತೆ, ಎಚ್ಚರವಾಗಿರುವ ಸವಾರ. ಅಪಾಯ ಕಂಡು ಬೆರಳು ಲಿವರ್ ಹಿಡಿಯಲು 1 ಸೆಕೆಂಡ್ ಎಂದುಕೊಳ್ಳಿ. 15 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿಗೇ 4 ಮೀಟರ್ ಮೇಲ್ಪಟ್ಟು ಹೋಗಿರುತ್ತದೆ, ಎರಡೂ ಬ್ರೇಕ್ ಚೆನ್ನಾಗಿ ಹಿಡಿದರೆ ಇನ್ನು ಎರಡು ಮೀಟರ್ ಚಿಲ್ಲರೆ. ಒಟ್ಟು ಆರೂವರೆ. 25 ಕಿ.ಮೀ. ಆದರೆ ಸುಮ್ಮನೆ ಸಾಗುವುದೇ 7 ಮೀಟರ್, ಬ್ರೇಕಿಗೆ ಇನ್ನು 6. ಒಟ್ಟು 13. ಹಿಂದಿನ ಬ್ರೇಕ್ ಒಂದೇ ಆದರೆ 16 ದಾಟುತ್ತದೆ. ವೇಗ ಹೆಚ್ಚಿದ್ದು 10 ಕಿ.ಮೀ., ನಿಲ್ಲಲು ಬೇಕಾದ ಜಾಗ ಎರಡು ಪಟ್ಟು. ನಿಮ್ಮ ತಂದೆಯವರ ಮೈಗೆ ಅಭ್ಯಾಸವಾಗಿರುವುದು ಆರೂವರೆ ಮೀಟರಿನ ಲೆಕ್ಕ. ಅಡ್ಡರಸ್ತೆಯಿಂದ ಕಾರು ಬಂದಾಗ ಹತ್ತು ಮೀಟರ್ ಇದ್ದಿದ್ದರೆ, ಸಾಕಷ್ಟಿದೆ ಎಂದೇ ಅವರಿಗೆ ಅನಿಸಿರುತ್ತದೆ.

ನನ್ನ ತರಗತಿಯಲ್ಲಿ ಮೊದಲ ದಿನ ಖಾಲಿ ಮೈದಾನದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತೇನೆ. 20 ಕಿ.ಮೀ. ವೇಗದಲ್ಲಿ ಬಂದು, ಮುಂದಿನ ಚಕ್ರ ಗೆರೆ ಮುಟ್ಟಿದಾಗ ಬ್ರೇಕ್ ಹಿಡಿಯಬೇಕು. ಎಲ್ಲಿ ನಿಲ್ಲುತ್ತೀರಿ ಎಂದು ಮೊದಲೇ ಒಂದು ಕಲ್ಲಿಟ್ಟು ಹೇಳಿ ಎನ್ನುತ್ತೇನೆ. ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಬಹಳ ಆತ್ಮವಿಶ್ವಾಸದಿಂದ ಮೂರು ಹೆಜ್ಜೆ ದೂರಕ್ಕೆ ಕಲ್ಲಿಟ್ಟರು. ಬಂದರು, ಕಲ್ಲು ದಾಟಿ, ಇನ್ನೂ ಅಷ್ಟೇ ದೂರ ಹೋಗಿ ನಿಂತರು. ಸೈಕಲ್ ಸರಿಯಿಲ್ಲ ಅಂದರು. ಇನ್ನೊಮ್ಮೆ ಬನ್ನಿ ಅಂದೆ, ಈ ಸಲ ಅವರ ಕೈಯನ್ನೇ ನೋಡುತ್ತಿದ್ದೆ. ಒಂದು ಕೈಯ ಎರಡು ಬೆರಳು ಲಿವರ್ ಮೇಲೆ, ಇನ್ನೊಂದು ಕೈಯ ನಾಲ್ಕೂ ಬೆರಳು ಹಿಡಿಕೆಯನ್ನು ಬಾಚಿಕೊಂಡಿದ್ದವು. ಐವತ್ತು ವರ್ಷದಲ್ಲಿ ಮುಂದಿನ ಲಿವರ್ ಅವರು ಬಳಸಿದ್ದು ಸೈಕಲ್ ಗೋಡೆಗೆ ಒರಗಿಸುವಾಗ ಮಾತ್ರ. ಅರ್ಧ ಗಂಟೆ ಬೇಕಾಯಿತು, ಆಮೇಲೆ ಅವರ ಕಲ್ಲಿನ ಹತ್ತಿರಕ್ಕೆ ಬಂದರು.

ಹೇಳಿಕೊಡುವುದು ಇಷ್ಟೇ. ಪೆಡಲುಗಳು ಸಮಮಟ್ಟದಲ್ಲಿ, ಮೈ ಸ್ವಲ್ಪ ಹಿಂದಕ್ಕೆ, ತೋಳು ಗಟ್ಟಿಯಾಗಿ ನೀಡಿ, ಎರಡೂ ಲಿವರನ್ನು ನಿಂಬೆಹಣ್ಣು ಹಿಂಡಿದ ಹಾಗೆ ಒತ್ತುತ್ತಾ ಹೋಗುವುದು. ಮೊದಲು ನಿಧಾನ ವೇಗದಲ್ಲಿ ಹತ್ತಾರು ಸಲ, ಆಮೇಲೆ 20, ಆಮೇಲೆ 25. ಮಾಡುವ ಮೊದಲು ಯಾವ ಲಿವರ್ ಯಾವ ಚಕ್ರದ್ದು ಎಂದು ಚಕ್ರ ಎತ್ತಿ ತಿರುಗಿಸಿ ನೋಡಿಕೊಳ್ಳಿ. ಬ್ರಿಟನ್ ಪದ್ಧತಿಯಲ್ಲಿ ಮುಂದಿನ ಬ್ರೇಕ್ ಬಲಗೈಗೆ, ಯುರೋಪಿನ ಉಳಿದೆಡೆ ಮತ್ತು ಅಮೆರಿಕದಲ್ಲಿ ಸಾಮಾನ್ಯವಾಗಿ ಎಡಗೈಗೆ. ಇ-ಸೈಕಲ್‌ಗಳು ಎಲ್ಲಿಂದಲೋ ತಯಾರಾಗಿ ಬರುವುದರಿಂದ ಹಳೆಯ ಸೈಕಲ್‌ನಂತೆಯೇ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ. ಡಿಸ್ಕ್ ಬ್ರೇಕ್ ಇದ್ದು ಪ್ಯಾಡ್ ಹೊಸದಾಗಿದ್ದರೆ ಮೊದಲಿಗೆ ಹಿಡಿತ ಕಡಿಮೆ ಇರುತ್ತದೆ. ಸಾಧಾರಣ ವೇಗದಿಂದ ಇಪ್ಪತ್ತು ಮೂವತ್ತು ಸಲ ಹಿಡಿದು ಬಿಟ್ಟು ಪಳಗಿಸಬೇಕು. ಎಷ್ಟೋ ಮಂದಿ ಇದನ್ನು ಮೊದಲ ಅಪಾಯದ ದಿನವೇ ಕಂಡುಕೊಳ್ಳುತ್ತಾರೆ.

25 ಕಿ.ಮೀ. ಏನು ಮಹಾ ವೇಗ?

ಈಗ ಮೊಮ್ಮಗನ ವಾದ. ಗಟ್ಟಿಮುಟ್ಟಾದ ಹುಡುಗ ಸಾದಾ ಸೈಕಲ್‌ನಲ್ಲೂ 25 ಮುಟ್ಟುತ್ತಾನೆ, ನಿಜ. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಆದರೆ ಅಲ್ಲೇ ಉಳಿಯುವುದಿಲ್ಲ. ಏರು ಬಂದರೆ, ಎದುರುಗಾಳಿ ಬಂದರೆ, ಸುಸ್ತಾದರೆ ವೇಗ ಇಳಿಯುತ್ತದೆ. ಇ-ಸೈಕಲ್ ಏರಿನಲ್ಲೂ, ಗಾಳಿಯಲ್ಲೂ, ನಿಂತು ಹೊರಟ ಐದಾರು ಸೆಕೆಂಡಿನಲ್ಲೂ ಜೋರಾಗಿಯೇ ಇರುತ್ತದೆ. ಏರುರಸ್ತೆಯಲ್ಲಿ ಸೈಕಲ್ ನಿಧಾನವಾಗಿರುತ್ತದೆ ಎಂದು ಉಳಿದವರೆಲ್ಲ ಎಣಿಸಿರುವ ಜಾಗದಲ್ಲಿ ಅದು 20ರಲ್ಲಿ ಬರುತ್ತಿರುತ್ತದೆ.

ಇನ್ನು “ಗಾಡಿಗಳ ವೇಗಕ್ಕೇ ಹೋದರೆ ಸೇಫ್” ಎನ್ನುವುದು. ಕೇಳಲು ಸರಿ ಅನಿಸುತ್ತದೆ. ಹಿಂದಿನಿಂದ ಯಾರೂ ಓವರ್‌ಟೇಕ್ ಮಾಡಲು ಹೆಣಗುವುದಿಲ್ಲ ಅಲ್ಲವೇ? ಓವರ್‌ಟೇಕಿನ ಮಟ್ಟಿಗೆ ಹುಡುಗ ಹೇಳುವುದರಲ್ಲಿ ಸ್ವಲ್ಪ ಹುರುಳಿದೆ ಅಂತಲೇ ಇಟ್ಟುಕೊಳ್ಳಿ. ಬ್ರೇಕಿನ ಮಾತು ಮಾತ್ರ ಅವನು ಎತ್ತಿಲ್ಲ. 40 ಕಿ.ಮೀ.ಯಲ್ಲಿ ಹೋಗುವ ಕಾರಿನ ಹಿಂದೆ ಅದೇ ವೇಗದಲ್ಲಿ ಅವನು ಹೋಗುತ್ತಿದ್ದಾನೆ. ಕಾರಿನವರು ಗಟ್ಟಿಯಾಗಿ ಬ್ರೇಕ್ ಹಾಕಿದರು. ಒಣ ರಸ್ತೆಯಲ್ಲಿ ಕಾರು ಸುಮಾರು 8 ಮೀಟರಿನಲ್ಲಿ ನಿಲ್ಲುತ್ತದೆ. ಸೈಕಲ್ ಅಷ್ಟು ಗಟ್ಟಿಯಾಗಿ ನಿಲ್ಲಲಾರದು, ಎತ್ತರದ ಸವಾರ, ಚಿಕ್ಕ ಅಳತೆಯ ವಾಹನ, ಹೆಚ್ಚು ಹಿಡಿದರೆ ಹಿಂಭಾಗ ಏಳುತ್ತದೆ. ಯೋಚಿಸಲು ಒಂದು ಸೆಕೆಂಡ್, 11 ಮೀಟರ್. ನಿಲ್ಲಲು 15. ಒಟ್ಟು 26. ಅಂದರೆ ಕಾರಿನ ಹಿಂದೆ 18 ಮೀಟರ್ ಬಿಟ್ಟು ಹೋಗುತ್ತಿದ್ದರೆ ಮಾತ್ರ ಬಚಾವು. ಅಷ್ಟು ಜಾಗ ಬಿಟ್ಟು ಹೋಗುವ 16 ವರ್ಷದ ಹುಡುಗನನ್ನು ನಾನು ಇನ್ನೂ ನೋಡಿಲ್ಲ. ಡಿಕ್ಕಿಯ ಪೆಟ್ಟೂ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 25ರ ಬದಲು 40 ಆದರೆ ಪೆಟ್ಟಿನ ಶಕ್ತಿ ಎರಡೂವರೆ ಪಟ್ಟು.

ಲಾಕ್ ತೆಗೆಯುವುದೆಂದರೆ ಹೆಚ್ಚಾಗಿ ವೇಗದ ಸೆನ್ಸರಿಗೆ ಸುಳ್ಳು ಲೆಕ್ಕ ಕೊಡುವ ಒಂದು ಚಿಕ್ಕ ಡಬ್ಬಿ ಜೋಡಿಸುವುದು ಅಥವಾ ಡಿಸ್‌ಪ್ಲೇಯ ಸೆಟ್ಟಿಂಗ್ ಬದಲಿಸುವುದು. ಐದು ನಿಮಿಷದ ಕೆಲಸ. ಆದರೆ ಬ್ರೇಕು, ರಿಮ್ಮು, ಟೈರು, ಮುಂದಿನ ಫೋರ್ಕು ಯಾವುದೂ ಆ ವೇಗಕ್ಕೆ ಬದಲಾಗಿರುವುದಿಲ್ಲ. ಕಾನೂನಿನ ಲೆಕ್ಕವೂ ಬದಲಾಗುತ್ತದೆ. ಯುರೋಪಿನ ಒಕ್ಕೂಟದಲ್ಲಿ ಪೆಡಲಿಗೆ ನೆರವಾಗುವ ಮೋಟಾರು 250 ವ್ಯಾಟ್ ಒಳಗಿದ್ದು, 25 ಕಿ.ಮೀ.ಗೆ ನೆರವು ನಿಂತರೆ ಅದು ಸೈಕಲ್. 45 ಕಿ.ಮೀ. ವರೆಗೆ ಹೋಗುವಂಥದ್ದು ಮೊಪೆಡ್ ಲೆಕ್ಕ, ನಂಬರ್ ಪ್ಲೇಟು, ವಿಮೆ ಎಲ್ಲ ಬೇಕು. ಭಾರತದ ನಿಯಮದಲ್ಲೂ ನೋಂದಣಿ, ಲೈಸೆನ್ಸ್ ಬೇಡದ ವಾಹನದ ಗೆರೆ ಹೆಚ್ಚುಕಡಿಮೆ ಇದೇ 250 ವ್ಯಾಟ್, 25 ಕಿ.ಮೀ. ಅಮೆರಿಕದ ಅನೇಕ ರಾಜ್ಯಗಳು ಮೂರು ವರ್ಗ ಮಾಡಿಕೊಂಡಿವೆ: ಎರಡಕ್ಕೆ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ., ಮೂರನೆಯದಕ್ಕೆ 28 ಮೈಲಿ, ಸುಮಾರು 45 ಕಿ.ಮೀ. ಲಾಕ್ ತೆಗೆದ ಸೈಕಲ್ ಯಾರಿಗಾದರೂ ಗುದ್ದಿದರೆ, ನೋಂದಣಿಯಾಗದ ಮೋಟಾರು ವಾಹನ ಓಡಿಸಿದ ಪ್ರಶ್ನೆ ಏಳುತ್ತದೆ, ವಿಮೆಯವರು ಕೈಚೆಲ್ಲುತ್ತಾರೆ. ಆ ಹೊತ್ತಿಗೆ ಉತ್ತರ ಕೊಡಬೇಕಾದವರು ಹುಡುಗನಲ್ಲ, ನೀವು. ಈ ಒಂದು ವಿಷಯದಲ್ಲಿ ನನ್ನದು ಎರಡು ಮಾತಿಲ್ಲ: ಬೇಡ.

ಬೇಡ ಎಂದಷ್ಟೇ ಹೇಳಿ ಬಿಟ್ಟರೆ ಅವನು ಗೆಳೆಯನ ಹತ್ತಿರ ಮಾಡಿಸಿಕೊಂಡು ಬರುತ್ತಾನೆ. ಗೆರೆ ಎಳೆದು ಕಲ್ಲಿಡುವ ಆಟ ಅವನೊಂದಿಗೂ ಆಡಿ. ವಾದದಲ್ಲಿ ಸೋಲದವರು ಕಲ್ಲಿನ ಮುಂದೆ ಸುಮ್ಮನಾಗುತ್ತಾರೆ.

ನಿಲ್ಲಲು ಇರುವ ಸೋಮಾರಿತನ

ಸೈಕಲ್ ಸವಾರರು ಸಿಗ್ನಲ್ ಯಾಕೆ ಹಾರಿಸುತ್ತಾರೆ, ಅಡ್ಡರಸ್ತೆಯಲ್ಲಿ ಯಾಕೆ ನಿಧಾನಿಸುವುದಿಲ್ಲ? ಶಿಸ್ತಿಲ್ಲ ಎಂದು ಬೈಯುವುದು ಸುಲಭ. ನಾನೂ ಸೈಕಲ್ ತುಳಿಯುವವನು, ಒಳಗಿನ ಗುಟ್ಟು ಹೇಳುತ್ತೇನೆ: ಕಷ್ಟಪಟ್ಟು ಗಳಿಸಿದ ವೇಗ ಕಳೆದುಕೊಳ್ಳಲು ಹೊಟ್ಟೆ ಉರಿಯುತ್ತದೆ. ಸವಾರ, ಸೈಕಲ್ ಸೇರಿ 100 ಕಿಲೋ ಇದ್ದರೆ, ನಿಂತಲ್ಲಿಂದ ಮತ್ತೆ 20 ಕಿ.ಮೀ. ವೇಗಕ್ಕೆ ಬರಲು ಸಾಮಾನ್ಯ ಸವಾರನ ಕಾಲಿಗೆ ಹದಿನೈದು ಸೆಕೆಂಡಿನಷ್ಟು ದುಡಿಮೆ. ಪ್ರತಿ ಸಿಗ್ನಲ್‌ನಲ್ಲೂ ಇದೇ ದಂಡ ಕಟ್ಟಬೇಕು. ಹಾಗಾಗಿ ಉರುಳಿಕೊಂಡೇ ದಾಟುವ ಚಟ ಹತ್ತುತ್ತದೆ.

ಇ-ಸೈಕಲ್‌ನಲ್ಲಿ ಈ ದಂಡವೇ ಇಲ್ಲ. 250 ವ್ಯಾಟ್ ಮೋಟಾರು ಅದೇ ಕೆಲಸವನ್ನು ಆರೇಳು ಸೆಕೆಂಡಿನಲ್ಲಿ ಮುಗಿಸುತ್ತದೆ. ನಿಂತು ಹೊರಡುವುದು ಇಷ್ಟು ಸಲೀಸಾದ ಮೇಲೂ ಹಳೆಯ ಚಟ ಮಾತ್ರ ಹಾಗೇ ಉಳಿಯುತ್ತದೆ, ಈಗ ಹೆಚ್ಚಿನ ವೇಗದ ಜೊತೆ. ಇದೊಂದು ವಿಚಿತ್ರ. ಮೋಟಾರಿನ ದೊಡ್ಡ ಲಾಭ ಜೋರಾಗಿ ಹೋಗುವುದರಲ್ಲಿಲ್ಲ, ಬೇಕಾದಾಗ ಬೇಕಾದಲ್ಲಿ ನಿಧಾನಿಸಲು ಅಳುಕು ಬೇಡ ಎನ್ನುವುದರಲ್ಲಿದೆ ಎಂದು ನಾನು ಕಲಿಯಲು ಬಂದವರಿಗೆಲ್ಲ ಹೇಳುತ್ತೇನೆ. ಪ್ರತಿ ಅಡ್ಡರಸ್ತೆಯ ಮುಂಚೆ ಪೆಡಲ್ ನಿಲ್ಲಿಸಿ, ಬೆರಳು ಎರಡೂ ಲಿವರ್ ಮೇಲೆ, ವೇಗ 15ಕ್ಕೆ. ಯಾರೂ ಬರದಿದ್ದರೆ ನಾಲ್ಕು ಸುತ್ತು ತುಳಿದರೆ ಮತ್ತೆ ಮೊದಲಿನ ವೇಗ. ನಿಮ್ಮ ತಂದೆಯವರ ಎರಡನೆಯ ಬಿದ್ದಾಟಕ್ಕೆ ನನ್ನ ಮದ್ದು ಇದೇ.

ಜೊತೆಗೆ ಇನ್ನೊಂದು, ಇದು ಅವರ ಮಂಡಿಗೂ ಒಳ್ಳೆಯದು. ಭಾರದ ಗೇರ್‌ನಲ್ಲಿ ನಿಧಾನವಾಗಿ ತುಳಿಯುವ ಬದಲು ಹಗುರ ಗೇರ್‌ನಲ್ಲಿ ಬೇಗ ಬೇಗ ತಿರುಗಿಸಲಿ, ನಿಮಿಷಕ್ಕೆ ಅರವತ್ತು ಎಪ್ಪತ್ತು ಸುತ್ತು. ಮಂಡಿಯ ಮೇಲೆ ಒತ್ತಡ ತಗ್ಗುತ್ತದೆ. ನೋಡುವವರ ಕಣ್ಣಿಗೆ ಕಾಲು ಚುರುಕಾಗಿ ಆಡುವುದು ಕಾಣುತ್ತದೆ, ವೇಗವಾಗಿ ಬರುತ್ತಿದ್ದಾರೆ ಎಂದು ಒಂದಿಷ್ಟಾದರೂ ಸುಳಿವು ಸಿಗುತ್ತದೆ. ಸ್ವಂತ ಕಾಲಿಗೂ ಹಳೆಯ ಲೆಕ್ಕದ ಅರ್ಧ ಮರಳಿ ಬರುತ್ತದೆ. ಹಗಲಲ್ಲೂ ಮುಂದಿನ ದೀಪ ಉರಿಯಲಿ. ನಿಂತ ಕಾರುಗಳ ಪಕ್ಕ ಹಾದುಹೋಗುವಾಗ ಒಂದು ಮೀಟರಿಗೂ ಹೆಚ್ಚು ಜಾಗ ಬಿಡಲಿ. ಬಾಗಿಲು ತೆರೆಯುವವರು ಕನ್ನಡಿಯಲ್ಲಿ ಹುಡುಕುವುದು ಕಾರು, ಸ್ಕೂಟರುಗಳನ್ನು. ಸದ್ದಿಲ್ಲದ ಸೈಕಲ್ ಇಷ್ಟು ಬೇಗ ಬರುತ್ತದೆ ಎಂದು ಅವರ ಎಣಿಕೆಯಲ್ಲೇ ಇರುವುದಿಲ್ಲ. ರಾಂಗ್ ಸೈಡಿನ ಸವಾರಿಯ ಬಗ್ಗೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ, ಆದರೂ ಮೊಮ್ಮಗನಿಗೆ ಹೇಳಿ: ಅಡ್ಡರಸ್ತೆಯಿಂದ ಬರುವ ಚಾಲಕ ನೋಡುವುದು ವಾಹನ ಬರಬೇಕಾದ ದಿಕ್ಕನ್ನು ಮಾತ್ರ.

ಹೆಲ್ಮೆಟ್ ಮತ್ತು ಮಾತ್ರೆ

ಸೈಕಲ್ ಹೆಲ್ಮೆಟ್ ಹಾಕಿದರೆ ಎಲ್ಲಕ್ಕೂ ರಕ್ಷೆ ಎಂಬ ನಂಬಿಕೆ ಬೇಡ. ಯುರೋಪಿನ ಇಎನ್ 1078 ಮಾನಕದಲ್ಲಿ ಹೆಲ್ಮೆಟ್ಟನ್ನು ಸಮತಟ್ಟಾದ ಮೇಲ್ಮೈಗೆ ಬೀಳಿಸುವ ವೇಗ ಸೆಕೆಂಡಿಗೆ 5.42 ಮೀಟರ್, ಅಂದರೆ ಗಂಟೆಗೆ 19–20 ಕಿ.ಮೀ. ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬಿದ್ದಷ್ಟು. ವೇಗದ ಇ-ಸೈಕಲ್‌ಗಳಿಗೆಂದೇ ನೆದರ್ಲೆಂಡ್ಸ್‌ನಲ್ಲಿ ಎನ್‌ಟಿಎ 8776 ಎಂಬ ಬಿಗಿಯಾದ ಮಾನಕ ಬಂತು, ಅದರಲ್ಲಿ ಈ ವೇಗ 6.5 ಮೀಟರ್, ತಲೆಯ ಪಕ್ಕ ಮತ್ತು ಹಿಂಭಾಗವನ್ನೂ ಹೆಚ್ಚು ಮುಚ್ಚುತ್ತದೆ. ಸಿಕ್ಕರೆ ಅಂಥದ್ದು ತೆಗೆದುಕೊಳ್ಳಿ. ಸಿಗದಿದ್ದರೆ ಸಾದಾ ಸೈಕಲ್ ಹೆಲ್ಮೆಟ್, ಗದ್ದದ ಪಟ್ಟಿಯಲ್ಲಿ ಎರಡು ಬೆರಳಷ್ಟೇ ಸಂದು ಇರುವಂತೆ. ನಿಂತಲ್ಲೇ ಮಗುಚಿ ಬೀಳುವಾಗ ತಲೆ ನೆಲಕ್ಕೆ ಬಡಿಯುವುದು ಹೆಚ್ಚುಕಡಿಮೆ ಹೆಲ್ಮೆಟ್ ಪರೀಕ್ಷೆಯ ವೇಗದಲ್ಲೇ. ನಿಮ್ಮ ತಂದೆಯವರಿಗೆ ಆಗುವ ಸಾಧ್ಯತೆ ಹೆಚ್ಚಿರುವುದು ಅಂಥ ಬೀಳುವಿಕೆಯೇ, ಹಾಗಾಗಿ ಅವರಿಗೆ ಹೆಲ್ಮೆಟ್ ಬಿಡುವ ಮಾತೇ ಇಲ್ಲ, ಗೇಟಿನ ಮುಂದೆಯೂ.

ರಕ್ತ ಹೆಪ್ಪುಗಟ್ಟದ ಮಾತ್ರೆಯ ವಿಷಯ ಗಂಭೀರ. ಅಂಥ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಪೆಟ್ಟಾದರೆ, ಗಾಯವಿಲ್ಲದಿದ್ದರೂ, “ಏನೂ ಆಗಿಲ್ಲ, ಚೆನ್ನಾಗಿದ್ದೇನೆ” ಎಂದರೂ, ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ರಕ್ತಸ್ರಾವ ಗಂಟೆಗಳ ಮೇಲೆ ಕಾಣಿಸಿಕೊಳ್ಳಬಹುದು. ಮಾತ್ರೆಯ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ. ಸೈಕಲ್ ಓಡಿಸಬಹುದೇ ಎಂದು ಅವರ ಹೃದಯದ ವೈದ್ಯರನ್ನೇ ಕೇಳಿ, ಎರಡು ಸಲ ಬಿದ್ದಿದ್ದನ್ನು ಮುಚ್ಚಿಡದೆ ಹೇಳಿ. ಅದನ್ನು ನಾನು ನಿರ್ಧರಿಸುವಂತಿಲ್ಲ.

ಇನ್ನು, ಮಾರುವುದೇ?

ವೈದ್ಯರು ಬೇಡವೆಂದರೆ ಮಾತು ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ನಾನು ಈಗಲೇ ಮಾರುವುದಿಲ್ಲ. ಇ-ಸೈಕಲ್ ಅಂದರೆ ಅಪಘಾತ ಹೆಚ್ಚು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದೂ ಇಲ್ಲ. ಅದನ್ನು ಓಡಿಸುವವರಲ್ಲಿ ವಯಸ್ಸಾದವರು ಹೆಚ್ಚು, ಅವರು ಹೋಗುವ ದೂರವೂ ಹೆಚ್ಚು. ಬರೀ ಬಿದ್ದವರ ಲೆಕ್ಕ ಹಿಡಿದು ಸೈಕಲ್ಲನ್ನು ದೂರಿದರೆ ಈ ಎರಡು ಸಂಗತಿ ಮರೆತಂತೆ. ಮಾರಿದರೂ ನಷ್ಟವಿದೆ. ಮೋಟಾರು ಇದ್ದರೂ ಪೆಡಲ್ ತುಳಿಯುವುದು ವ್ಯಾಯಾಮವೇ, ಹೃದಯಕ್ಕೂ ಮಂಡಿಗೂ. ಆ ಹುರುಪು ಹೋದರೆ ಅವರು ಕುರ್ಚಿ ಹಿಡಿಯುತ್ತಾರೆ.

ಇರುವ ಸೈಕಲ್ಲನ್ನೇ ಉಳಿಸಿಕೊಂಡು, ಸೀಟು ಇಳಿಸಿ, ನೆರವಿನ ಲೆವೆಲ್ ಕೆಳಗಿನ ಒಂದೆರಡಕ್ಕೆ ಸೀಮಿತ ಮಾಡಿ, ಎರಡು ಮೂರು ವಾರ ಮೈದಾನದಲ್ಲಿ ಹತ್ತುವುದು, ಇಳಿಯುವುದು, ಬ್ರೇಕ್ ಹಿಡಿಯುವುದು. ಇದು ನನ್ನ ಮೊದಲ ಆಯ್ಕೆ. ಇದರ ಅಪಾಯವೆಂದರೆ ಕಲಿಯುವ ಗಳಿಗೆಯಲ್ಲೇ ಬೀಳಬಹುದು, ಹಾಗಾಗಿ ಪಕ್ಕದಲ್ಲೊಬ್ಬರು ಇರಲಿ. ಎರಡನೆಯದು, ನಡುವಿನ ಅಡ್ಡಪಟ್ಟಿ ಇಲ್ಲದ, ಕಾಲು ಸುಲಭವಾಗಿ ದಾಟುವ ಫ್ರೇಮಿನ ಸೈಕಲ್‌ಗೆ ಬದಲಾಯಿಸುವುದು. ಒತ್ತಡ ಅಳೆಯುವ ಸೆನ್ಸರ್ ಇದ್ದು, ಬ್ಯಾಟರಿ ಹಿಂದಿನ ಕ್ಯಾರಿಯರ್ ಮೇಲಿರದೆ ಫ್ರೇಮಿನ ಕೆಳಭಾಗದಲ್ಲಿದ್ದರೆ ಇನ್ನೂ ಒಳ್ಳೆಯದು. ಕ್ಯಾರಿಯರ್ ಮೇಲೆ ಭಾರವಿದ್ದರೆ ನಿಧಾನ ವೇಗದಲ್ಲಿ ಬಾಲ ಅಲ್ಲಾಡುತ್ತದೆ.

ಮೂರು ಚಕ್ರದ ಸೈಕಲ್ ಕೊಡಿಸೋಣವೇ ಎಂದು ಹಲವರು ಕೇಳುತ್ತಾರೆ. ನಿಂತಾಗ ಬೀಳುವುದಿಲ್ಲ, ಅದು ನಿಜ. ಆದರೆ ಎರಡು ಚಕ್ರದವರು ತಿರುವಿನಲ್ಲಿ ಸೈಕಲ್ಲನ್ನೇ ವಾಲಿಸುತ್ತಾರೆ, ಮೂರು ಚಕ್ರದ್ದು ವಾಲುವುದಿಲ್ಲ. 15ರಲ್ಲೇ ಬಿರುಸಾಗಿ ತಿರುಗಿಸಿದರೆ ಒಳಗಿನ ಚಕ್ರ ಎದ್ದು ಹೊರಕ್ಕೆ ಮಗುಚುತ್ತದೆ. ಐವತ್ತು ವರ್ಷದ ಅಭ್ಯಾಸ ಅಲ್ಲಿ ಕೈಕೊಡುತ್ತದೆ, ಹೊಸದಾಗಿ ಕಲಿಯಬೇಕು. ತೀರಾ ಸಮತೋಲ ಕಷ್ಟವಾದವರಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ.

ಮೊಮ್ಮಗನಿಗೆ ಬೇರೆ ಸಾದಾ ಸೈಕಲ್ ಇರಲಿ. ತಾತನ ಸೈಕಲ್ ಅವನು ಒಯ್ಯುವುದರಲ್ಲಿ ಇನ್ನೊಂದು ತೊಡಕೂ ಇದೆ, ನೀವು ಗಮನಿಸಿರಲಿಕ್ಕಿಲ್ಲ. ಅವನು ಸೀಟು ಏರಿಸುತ್ತಾನೆ, ಲೆವೆಲ್ ಐದಕ್ಕೆ ಹಾಕುತ್ತಾನೆ, ಭಾರದ ಗೇರ್‌ನಲ್ಲಿ ತಂದು ನಿಲ್ಲಿಸುತ್ತಾನೆ. ಮರುದಿನ ಬೆಳಿಗ್ಗೆ ತಾತ ಅದೇ ಸೈಕಲ್ ಹತ್ತುತ್ತಾರೆ. ಗೇಟಿನ ಮುಂದೆ ಅದು “ತಾನೇ ನೆಗೆದ” ದಿನದ ಹಿಂದಿನ ಸಂಜೆ ಸೈಕಲ್ ಯಾರ ಕೈಯಲ್ಲಿತ್ತು, ಒಮ್ಮೆ ಕೇಳಿ ನೋಡಿ. ಬೈಯುವುದಕ್ಕಲ್ಲ, ತಿಳಿಯುವುದಕ್ಕೆ.